ನೀರು ನಿಲ್ಲಲು ಬಿಡದ ನಲ್ಲಿಮಾವ

ಬೆಳಗಿನ ಐದೂವರೆ. ಆಸ್ಪತ್ರೆಯ ಮೂರನೇ ಮಹಡಿಯ ಮೊದಲ ಕೋಣೆಯಲ್ಲಿ ಐವತ್ತೆಂಟರ ಪ್ಲಂಬರ್ ಒಬ್ಬರು ನಲ್ಲಿ ತಿರುಗಿಸಿ, ಒಂದು ಹೆಜ್ಜೆ ಹಿಂದೆ ಸರಿದು ಗಡಿಯಾರ ನೋಡುತ್ತಾರೆ. ಐದು ನಿಮಿಷ ನೀರು ಹರಿಯಬೇಕು. ಆಮೇಲೆ ಮುಂದಿನ ಕೋಣೆ. ದಿನಕ್ಕೆ ಇಪ್ಪತ್ತಾರು ನಲ್ಲಿ, ನಾಲ್ಕು ಶವರ್. ಮುಗಿಯುವಾಗ ಎಂಟು ಗಂಟೆ.

"ಮನೇಲಿ ಮೊಮ್ಮಗಳು ನಲ್ಲಿ ಬಿಟ್ಟು ಹಲ್ಲುಜ್ಜಿದ್ರೆ ಬೈತೀನಿ. ಇಲ್ಲಿ ಬಂದು ನಾನು ಮಾಡೋದೂ ಅದೇ" ಎಂದು ನಗುತ್ತಾರೆ.

ಈ ಮಹಡಿ ಸಿಸ್ಟಿಕ್ ಫೈಬ್ರೋಸಿಸ್ ಇರುವವರದು. ಹುಟ್ಟಿನಿಂದಲೇ ಬರುವ ಈ ಕಾಯಿಲೆಯಲ್ಲಿ ಕಫ ಅಂಟಂಟಾಗಿ ಶ್ವಾಸಕೋಶದಲ್ಲೇ ಉಳಿಯುತ್ತದೆ. ಪೈಪಿನಲ್ಲಿ ನಿಂತ ನೀರಿನಲ್ಲಿ, ಸಿಂಕಿನ ತೇವದಲ್ಲಿ ಬೆಳೆಯುವ, ನಮ್ಮನಿಮ್ಮಂಥವರಿಗೆ ಸಾಮಾನ್ಯವಾಗಿ ಏನೂ ಮಾಡದ ರೋಗಾಣು ಅಲ್ಲಿ ಬೀಡುಬಿಟ್ಟರೆ ಓಡಿಸುವುದು ಕಷ್ಟ, ಆಯುಷ್ಯವೂ ಕುಗ್ಗಬಹುದು. ಆ ರೋಗಾಣು ಒಬ್ಬ ರೋಗಿಯಿಂದ ಇನ್ನೊಬ್ಬರಿಗೂ ಅಂಟಬಹುದು. ಅದಕ್ಕೇ ಇಲ್ಲಿ ಯಾರೂ ಒಟ್ಟಿಗೆ ಕೂರುವುದಿಲ್ಲ; ಬಂದವರು ನೇರ ತಮ್ಮ ತಮ್ಮ ಕೋಣೆಗೆ.

ಕಟ್ಟಡಗಳಲ್ಲಿ ಪೈಪು ಹೊತ್ತು ಬೆನ್ನು ಕೈಕೊಟ್ಟ ಮೇಲೆ ಇವರು ಆಸ್ಪತ್ರೆ ಸೇರಿದ್ದು. "ಮೊದಮೊದಲು ನನಗೆ ನಲ್ಲಿ ಅಂದ್ರೆ ನಲ್ಲಿ, ಅಷ್ಟೆ. ಸಿಸ್ಟರ್ ಒಂದಿನ ಕೂರಿಸಿಕೊಂಡು ಎಲ್ಲಾ ಹೇಳಿದ್ರು. ಆ ರಾತ್ರಿ ಊಟ ಸೇರ್ಲಿಲ್ಲ."

ಕಳೆದ ವರ್ಷ ಏಳನೇ ಕೋಣೆಯಲ್ಲಿ ಅವರ ಕಣ್ಣಿಗೊಂದು ಸಂಗತಿ ಬಿತ್ತು. ನೀರು ನೇರ ಸಿಂಕಿನ ತೂತಿಗೇ ಬಿದ್ದು, ಪಕ್ಕದ ಹಲಗೆಗೆ ಸಿಡಿಯುತ್ತಿತ್ತು. ರೋಗಿಗಳು ಔಷಧಿಯ ಹಬೆ ಎಳೆದುಕೊಳ್ಳುವ ಮಾಸ್ಕ್ ಇಡುವುದು ಅದೇ ಹಲಗೆಯ ಮೇಲೆ. ಸಿಸ್ಟರಿಗೆ ತಿಳಿಸಿ, ಸಿಂಕಿನ ಮಾದರಿ ಪರೀಕ್ಷೆಗೆ ಕಳಿಸಿ, ಕೋಣೆಗೆ ಬೀಗ ಹಾಕಿ, ಕೀಲಿಕೈ ಜೇಬಿಗಿಳಿಸಿದರು.

ಅಂದು ಸಂಜೆ ಆ ಕೋಣೆಗೆ ಹದಿನೇಳರ ಹುಡುಗಿಯೊಬ್ಬಳು ಎರಡು ವಾರದ ಚಿಕಿತ್ಸೆಗೆ ಬರುವವಳಿದ್ದಳು. "ಕೋಣೆಗಳೇ ಸಾಲ್ತಿಲ್ಲ, ಬೀಗ ತೆಗೀರಿ" ಎಂದರು ಮ್ಯಾನೇಜರ್.

"ರಿಪೋರ್ಟ್ ಬರ್ಲಿ ಸರ್. ಅಲ್ಲೀವರೆಗೂ ಬೈತಾ ಇರಿ, ನಾನು ಕೇಳ್ತಾ ಇರ್ತೀನಿ."

ಹುಡುಗಿಗೆ ಹೇಗೋ ಬೇರೆ ಕೋಣೆ ಸಿಕ್ಕಿತು. ಇವರು ನಾಲ್ಕು ದಿನ ಬೈಸಿಕೊಂಡರು. ಐದನೇ ದಿನ ವರದಿ ಬಂತು: ಸಿಂಕಿನ ತೂತಿನಲ್ಲಿ ರೋಗಾಣು ಇತ್ತು. ಸಿಂಕ್ ಬದಲಾಯಿತು. ಮ್ಯಾನೇಜರ್ ಕ್ಯಾಂಟೀನಿಗೆ ಕರೆದು ಚಹಾ ಕೊಡಿಸಿದರು. ತಪ್ಪಾಯಿತು ಅನ್ನಲಿಲ್ಲ. "ಚಹಾದಲ್ಲೇ ಎಲ್ಲಾ ಬಂತು ಬಿಡಿ" ಎನ್ನುತ್ತಾರೆ ಇವರು.

ಆ ಹುಡುಗಿ ಈಗ ಕಾಲೇಜು ಸೇರಿದ್ದಾಳೆ. ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಬಂದಾಗ, ಮಾಸ್ಕ್ ತೊಟ್ಟು ಬಾಗಿಲಿನಿಂದಲೇ ಕೂಗುತ್ತಾಳೆ: "ನಲ್ಲಿಮಾವ, ಕಫದಲ್ಲಿ ಈ ಸಲವೂ ಏನಿಲ್ಲವಂತೆ."

ನಿವೃತ್ತಿಗೆ ಇನ್ನೆರಡು ವರ್ಷ. ಏನಾದರೂ ಆಸೆ ಇದೆಯೇ ಎಂದರೆ ಕೈ ಒರೆಸಿಕೊಳ್ಳುತ್ತ ಹೇಳುತ್ತಾರೆ.

"ಆ ಹುಡುಗಿಗೆ ತಲೆ ತುಂಬಾ ಬಿಳಿ ಕೂದಲು ಬರ್ಲಿ. ಆಮೇಲೆ ಬಣ್ಣ ಹಚ್ಕೊಳ್ಳೋದು ಬಿಡೋದು ಅವಳಿಷ್ಟ."