ರಾಟೆ ತಿರುಗಿಸಿದ ಕೈ, ತಿರುಗು ಸುತ್ತಿನ ಸ್ಪ್ರಿಂಗು

೧೯೮೮ರಲ್ಲಿ ನಾನು ಶಿಡ್ಲಘಟ್ಟದಲ್ಲಿ ಸಣ್ಣ ಇಂಜಿನ್ ರಿಪೇರಿ ಅಂಗಡಿ ಇಟ್ಟಿದ್ದೆ. ಓದಿದ್ದು ಮೂರನೇ ಕ್ಲಾಸು. ಅದಕ್ಕೂ ಹಿಂದಿನ ಹನ್ನೊಂದು ವರ್ಷ ಆ ರಸ್ತೆಗೆ ನಾನೊಬ್ಬನೇ ಮೆಕ್ಯಾನಿಕ್. ಆ ವರ್ಷ ಅಲೀಪುರದಿಂದ ಅಬ್ಬಾಸ್ ಸಾಬರು ಬಂದು ಎದುರಿಗೇ ಅಂಗಡಿ ತೆರೆದರು. ಅಂದಿನಿಂದ ನನ್ನ ಹೊಟ್ಟೆಯೊಳಗೆ ಒಂದು ಸ್ಟವ್ ಉರಿಯತೊಡಗಿತು. ಅವರ ಬಾಗಿಲಲ್ಲಿ ಎರಡು ಮಿಷಿನ್ ನಿಂತರೆ ನನಗೆ ಮಧ್ಯಾಹ್ನದ ಮುದ್ದೆ ಇಳಿಯುತ್ತಿರಲಿಲ್ಲ. ಅವರ ಸ್ಪ್ಯಾನರುಗಳು ಗೋಡೆಯ ಮೇಲೆ ಸಾಲಾಗಿ ನೇತಾಡುವುದನ್ನು ಕಂಡರೂ ಉರಿ. ನನ್ನವು ಗೋಣಿಚೀಲದಲ್ಲಿದ್ದವು.

ಒಂದು ಬೆಳಗ್ಗೆ ಚಿಕ್ಕಬಳ್ಳಾಪುರದ ಕಡೆಯ ದ್ರಾಕ್ಷಿ ತೋಟದ ನಾರಾಯಣಪ್ಪನವರು ಔಷಧಿ ಹೊಡೆಯುವ ಹಳೇ ಪೆಟ್ರೋಲ್ ಸ್ಪ್ರೇಯರನ್ನು ತಂದರು. ಸ್ಟಾರ್ಟರಿನ ಹಗ್ಗ ಎಳೆದರೆ ಈಚೆ ಬರುತ್ತಿತ್ತು, ವಾಪಸ್ ಹೋಗುತ್ತಿರಲಿಲ್ಲ. ಬಳ್ಳಿ ಹೂವಿನಲ್ಲಿತ್ತು, ಎರಡು ದಿನದಿಂದ ಮೋಡ.

“ಇವತ್ತು ಔಷ್ದಿ ಬೀಳ್ಲಿಲ್ಲ ಅಂದ್ರೆ ಬೂಜು ಹತ್ತಿ ಈ ಸಲದ ಬೆಳೆನೇ ಹೋಯ್ತದೆ ಕಣಪ್ಪ,” ಅಂದರು.

ಸ್ಟಾರ್ಟರಿನ ಒಳಗೆ ಗಡಿಯಾರದಲ್ಲಿರುವಂಥ ಉಕ್ಕಿನ ಪಟ್ಟಿಯ ಸ್ಪ್ರಿಂಗ್ ಇರುತ್ತದೆ. ಹಗ್ಗ ಎಳೆದಾಗ ಅದು ಬಿಗಿಯಾಗಬೇಕು, ಬಿಟ್ಟಾಗ ಹಗ್ಗವನ್ನು ಒಳಕ್ಕೆ ಎಳೆದುಕೊಳ್ಳಬೇಕು. ಮುಚ್ಚಳ ಬಿಚ್ಚಿದ್ದೇ ತಡ, ಸ್ಪ್ರಿಂಗ್ ಹಾವಿನ ಹಾಗೆ ಹಾರಿ ನನ್ನ ಅಂಗೈ ಕುಯ್ದಿತು. ಅದರ ಕೊನೆಯ ಕೊಕ್ಕೆ ಮುರಿದಿತ್ತು. ಕಾಯಿಸಿ ಹೊಸ ಕೊಕ್ಕೆ ಬಗ್ಗಿಸಿ, ಸುತ್ತಿ ಕೂರಿಸಿದೆ. ಹಗ್ಗ ವಾಪಸ್ ಹೋಗಲಿಲ್ಲ. ಮತ್ತೆ ಬಿಚ್ಚಿದೆ, ಮತ್ತೆ ಸುತ್ತಿದೆ. ಮೂರು ಸಲವೂ ಅದೇ ಹಾಡು.

“ಏಮಪ್ಪಾ ವೆಂಕಟ್ರಾಯಪ್ಪ, ಎದುರಂಗ್ಡೀಲಿ ತೋರಿಸ್ಲಾ?” ಅಂದರು ನಾರಾಯಣಪ್ಪನವರು.

“ಅಲ್ಲೇನು ದೇವ್ರು ಕೂತವ್ನಾ ಗೌಡ್ರೇ? ಅರ್ಧ ಗಂಟೆ ತಾಳಿ!”

ಅಷ್ಟರಲ್ಲಿ ಅಬ್ಬಾಸ್ ಸಾಬರೇ ರಸ್ತೆ ದಾಟಿ ಬಂದು, “ಚೂರು ಗ್ರೀಸ್ ಐತಾ ಅಣ್ಣಾ?” ಅಂದರು. ಅವರ ಅಂಗಡಿಯಲ್ಲಿ ಗ್ರೀಸಿನ ಹೊಸ ಡಬ್ಬ ಇದ್ದದ್ದು ನನಗೆ ಗೊತ್ತಿತ್ತು. ಗ್ರೀಸಿಗೆ ಬಗ್ಗಿದವರು ನನ್ನ ಕಿವಿಗೆ ಮಾತ್ರ ಕೇಳುವ ಹಾಗೆ ಹೇಳಿದರು:

“ನಿಮ್ದು ರೇಷ್ಮೆ ನೂಲು ತೆಗೆಯೋ ಮನೆ ಅಲ್ವಾ? ಕೈ ರಾಟೆ ತಿರುಗೋ ಕಡೇಗೇ ಹೋಗ್ತೈತೆ. ಇದನ್ನ ಅದಕ್ಕೆ ಉಲ್ಟಾ ಸುತ್ತಬೇಕು.”

ಬೆರಳಲ್ಲಿ ಗ್ರೀಸ್ ತೆಗೆದುಕೊಂಡು ಹೊರಟೇಹೋದರು.

ನಿಜ. ಎಂಟನೇ ವಯಸ್ಸಿನಿಂದ ಅಮ್ಮನ ರಾಟೆ ತಿರುಗಿಸಿದ ಕೈ ಇದು. ನನ್ನನ್ನು ಕೇಳದೆಯೇ ಅದು ಆ ಕಡೆ ತಿರುಗುತ್ತಿತ್ತು. ತಿರುವುಮುರುವು ಸುತ್ತಿ ಕೂರಿಸಿದೆ. ಹಗ್ಗ ಸರ್ರನೆ ಒಳಗೆ ಹೋಯಿತು. ಎರಡನೇ ಎಳೆತಕ್ಕೆ ಇಂಜಿನ್ ಹತ್ತಿತು.

“ಇದಕ್ಕೇ ನೋಡಪ್ಪ, ನಾನು ರಸ್ತೆ ದಾಟ್ಲಿಲ್ಲ!” ಎಂದು ನಾರಾಯಣಪ್ಪನವರು ನನ್ನ ಬೆನ್ನು ತಟ್ಟಿದರು. ನಾನು ಬಾಯಿ ಬಿಡಲಿಲ್ಲ. ಎದುರಿಗೆ ಅಬ್ಬಾಸ್ ಸಾಬರು ತಲೆ ಎತ್ತದೆ ಕೈ ಒರೆಸಿಕೊಳ್ಳುತ್ತಿದ್ದರು. ಗಿರಾಕಿಯನ್ನು ಕಿತ್ತುಕೊಳ್ಳಬಹುದಾಗಿದ್ದ ಮನುಷ್ಯ ನನ್ನ ಮಾನ ಉಳಿಸಿದ್ದರು. ಅದನ್ನು ಕಂಡು ಇನ್ನೂ ಹೆಚ್ಚು ಉರಿಯಿತು. ಕೆಲಸವನ್ನಾದರೂ ಕಲಿಯಬಹುದು, ಅಂಥ ಮನಸ್ಸನ್ನು ಎಲ್ಲಿಂದ ತರಲಿ?

ಮೊನ್ನೆ ಐಟಿಐ ಓದುವ ನನ್ನ ಮೊಮ್ಮಗಳು ಭವ್ಯ ಹಳೇ ಹುಲ್ಲು ಕತ್ತರಿಸುವ ಮಿಷಿನ್ನಿನ ಸ್ಟಾರ್ಟರನ್ನು ಒಬ್ಬಳೇ, ಒಂದೇ ಸಲಕ್ಕೆ ಸರಿಮಾಡಿದಳು. ಬೀದಿಗೆಲ್ಲ ಮೈಸೂರುಪಾಕು ಹಂಚಿದೆ! ಬಿಚ್ಚುವ ಮೊದಲೇ ಸೀಮೆಸುಣ್ಣದಲ್ಲಿ ಸುತ್ತಿನ ದಿಕ್ಕು ಗುರುತು ಮಾಡಿದ್ದಳು ನನ್ನ ಬಂಗಾರ. ನಾನು ಕಲಿಸಿದ್ದೇ ಅದು: ಕಣ್ಣು ಕೈಯಲ್ಲಿರುವ ಸ್ಪ್ರಿಂಗಿನ ಮೇಲಿರಲಿ, ಎದುರಂಗಡಿಯ ಮೇಲಲ್ಲ.

“ನಿಂಗ್ಯಾರು ಹೇಳಿಕೊಟ್ಟಿದ್ದು ತಾತ?” ಅಂದಳು. ಮೊದಲ ಸಲ ಬಾಯಿಬಿಟ್ಟು ಎಲ್ಲ ಹೇಳಿದೆ.

“ಹಂಗಾದ್ರೆ ನನ್ನ ಗುರು ಅಬ್ಬಾಸ್ ತಾತಾನೇ ಬಿಡು!”

ನನ್ನ ಹೊಟ್ಟೆಯೊಳಗಿನ ಆ ಹಳೇ ಸ್ಟವ್ ಒಂದೇ ಎಳೆತಕ್ಕೆ ಭಗ್ಗನೆ ಹತ್ತಿಕೊಂಡಿತು.

“ಹೂಂ ಕಣಮ್ಮ,” ಅಂದೆ.