ನೋವಿಲ್ಲದ ಕಾಲು

ಮರಳಿ ಊರಿನ ಕಾಲುನೋವಿನ ಶಿಬಿರದಲ್ಲಿ ನಾನು ನರ್ಸ್. ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳ ಸಾಲು. ಒಬ್ಬಾಕೆಗೆ ಬೆಳಿಗ್ಗೆ ಎದ್ದ ಕೂಡಲೇ ಹಿಮ್ಮಡಿ ಚುಚ್ಚುತ್ತದೆ, ಇನ್ನೊಬ್ಬಾಕೆಗೆ ಹೆಬ್ಬೆರಳಿನ ಬುಡ ಹಿಂಡುತ್ತದೆ. ಅವರ ಜೊತೆ ಬಂದಿದ್ದ ಗಂಗಮ್ಮ ಮಾತ್ರ ನಗುತ್ತಿದ್ದಳು: "ನನಗ ಎಲ್ಲೂ ನೋವಿಲ್ರಿ."

ಅವಳು ನಡೆದಲ್ಲೆಲ್ಲ ನೆಲದ ಮೇಲೆ ರಕ್ತ. ಕೂರಿಸಿ ಪಾದ ಎತ್ತಿದೆ. ಅಂಗಾಲಿನಲ್ಲಿ ಮುರಿದ ಜಾಲಿಮುಳ್ಳು. ಸುತ್ತ ಕಪ್ಪಗೆ ಕೊಳೆತಿತ್ತು.

"ಸಕ್ಕರಿ ಬ್ಯಾನಿ ಐತೇನವ್ವಾ?"

"ಇತ್ರಿ. ಮೊದಲ ಅಂಗಾಲು ಭಾಳ ಉರೀತಿದ್ವು. ಉರಿ ತಾನ ನಿಂತಮ್ಯಾಲೆ ಆರಾಮಾತಂತ ಗುಳಿಗಿ ಬಿಟ್ಟೀನಿ."

ಉರಿ ನಿಂತಿದ್ದು ವಾಸಿಯಾಗಿ ಅಲ್ಲ, ನರ ಸತ್ತು. ಮುಳ್ಳು ಕೀಳುವಾಗ ನಾನು ಹಲ್ಲು ಕಚ್ಚಿದೆ. ಆಕೆ ಹರಟುತ್ತಲೇ ಇದ್ದಳು.

ಪಾದ ಉಳಿಯುವುದು ಕಷ್ಟ ಎಂದ ಡಾಕ್ಟರು, ಇದ್ದ ಒಂದೇ ಗಾಡಿಯಲ್ಲಿ ಅವಳನ್ನು ಕೊಪ್ಪಳದ ಆಸ್ಪತ್ರೆಗೆ ಕಳಿಸಿದರು. ಸಾಲಿನಲ್ಲಿದ್ದವರು ನನ್ನ ಮೇಲೆ ಹರಿಹಾಯ್ದರು: "ನೋವಿದ್ದವರು ನಾವು, ಗಾಡಿ ಅಕಿಗೇನ್ರಿ?"