ಅತ್ತೆ ಹಿಡಿದ ಬಿಸಿಲು

ಕಾರಿನ ಡಿಕ್ಕಿಯಲ್ಲಿ ನನ್ನ ಕೂಸು ಶ್ರೀಜಾಳ ಸಾಮಾನಿಗೇ ಜಾಗ ಸಾಲದು. ಕುದಿಸಿ ಆರಿಸಿದ ನೀರಿನ ಫ್ಲಾಸ್ಕು, ಜ್ವರದ ಸಿರಪ್ಪು, ಸೊಳ್ಳೆ ಪರದೆ, ಇಸ್ತ್ರಿ ಮಾಡಿದ ಬಿಳಿ ಬಟ್ಟೆಗಳ ಗಂಟು. ಅದರ ಮೇಲೆ ನನ್ನ ಅತ್ತೆ ಚೆಲುವಾಂಬ ತಂದಿಟ್ಟದ್ದು ಹರಿವಾಣದಷ್ಟು ಅಗಲದ ಒಂದು ಹಿತ್ತಾಳೆ ತಟ್ಟೆ.

"ಅತ್ತೆ, ಇದ್ಯಾಕೆ? ಬ್ರೇಕ್ ಹಾಕಿದ್ರೆ ಮಗು ತಲೆ ಮೇಲೆ ಬೀಳತ್ತೆ."

"ನನ್ನ ತೊಡೆ ಮೇಲೆ ಇಟ್ಕೋತೀನಿ ಬಿಡೇ. ನಿನ್ನ ಮಗಳಿಗಿಂತ ಹಗುರ. ಅಳೋದೂ ಇಲ್ಲ."

ಈ ತಟ್ಟೆ ನನ್ನ ಮಾವ ಸುಬ್ಬರಾಮಯ್ಯನವರ ಅನ್ನದ ದಾರಿಯಾಗಿತ್ತು. ಬೇಲೂರಿನ ಗುಡಿಯಲ್ಲಿ ಅವರು ಬೆಳಕು ಹಿಡಿಯುತ್ತಿದ್ದರು. ಬಾಗಿಲ ಬಳಿ ನಿಂತು, ತಟ್ಟೆಯಿಂದ ಬಿಸಿಲನ್ನು ಒಳಕ್ಕೆ ತಿರುಗಿಸಿ, ಕತ್ತಲ ಛಾವಣಿಯ ಕೆತ್ತನೆಯನ್ನು ಬಂದವರಿಗೆ ತೋರಿಸುವ ಕೆಲಸ. ಒಳಗೆ ದೀಪಗಳು ಬಂದ ಮೇಲೆ ಕೆಲಸ ಮುಗಿಯಿತು, ಮಾತು ಮುಗಿಯಲಿಲ್ಲ. ಊಟಕ್ಕೆ ಬಂದ ನೆಂಟರನ್ನೂ ನಡುಮನೆಯಲ್ಲಿ ನಿಲ್ಲಿಸಿ "ತಲೆ ಎತ್ತಿ ನೋಡಿ" ಎನ್ನುತ್ತಿದ್ದರು. ಮೇಲೆ ಇದ್ದದ್ದು ನಮ್ಮ ಮನೆಯ ಜಂತಿ.

ಆ ತಟ್ಟೆಯನ್ನು ದಿನಾ ಬೆಳಗ್ಗೆ ಹುಣಸೆಹಣ್ಣು, ಜರಡಿ ಹಿಡಿದ ಬೂದಿ ಹಾಕಿ ಬೆಳಗುತ್ತಿದ್ದವರು ಅತ್ತೆ. ಅಡುಗೆಗೂ ಮೊದಲು ಅದು. ಒಂದು ಮಚ್ಚೆ ಉಳಿದರೂ ಛಾವಣಿಯ ಮೇಲೆ ಅದೇ ಮಚ್ಚೆ ಕಾಣುತ್ತದೆಂದು ಮಾವ ಸಿಡಿಮಿಡಿಗೊಳ್ಳುತ್ತಿದ್ದರಂತೆ. ಅತ್ತೆ ಅದನ್ನು ಬಿಸಿಲಿಗೆ ಹಿಡಿದದ್ದು ಒಣಗಿಸುವುದಕ್ಕೆ ಮಾತ್ರ.

ಹೋದ ವರ್ಷದಿಂದ ಮಾವನ ಕೈ ನಡುಗುತ್ತದೆ. ಅವರ ಲೋಟಕ್ಕೆ ಅತ್ತೆ ಅರ್ಧ ಮಾತ್ರ ಕಾಫಿ ಸುರಿದು, ಮತ್ತೆ ಬಂದು ಇನ್ನರ್ಧ ಸುರಿಯುತ್ತಾರೆ, ಏನೂ ಗೊತ್ತಿಲ್ಲದವರ ಹಾಗೆ. ದೀಪವಿಲ್ಲದ ಜಾಗದಲ್ಲಿ ಇನ್ನೊಂದೇ ಒಂದು ಸಲ ಬೆಳಕು ಹಿಡಿಯಬೇಕೆಂದು ಮಾವ ಒಮ್ಮೆ ಬಾಯಿಬಿಟ್ಟರು. ಅದನ್ನು ಅತ್ತೆ ಬಿಡಲಿಲ್ಲ. ನನ್ನ ಗಂಡ ಮಾಧವ ಯಾರನ್ನೋ ಕೇಳಿ ಹುಡುಕಿದ: ಬಾದಾಮಿಗೆ ಇನ್ನೂ ದೂರವಿರುವಾಗ ಹೆದ್ದಾರಿ ಬಿಟ್ಟು ಒಳಗೆ ಹೋದರೆ, ಬೋರ್ಡೂ ಇಲ್ಲದ ಮರಳುಗಲ್ಲಿನ ಗುಹೆಗಳು.

ಎಂಟು ತಿಂಗಳ ಕೂಸನ್ನು ಗುಹೆಗೆ! ಬಾವಲಿ, ಹಾವು, ಹೆಜ್ಜೇನು, ಧೂಳಿನ ಅಲರ್ಜಿ ಎಂದು ನಾನು ಮೈಸೂರಿನ ಡಾಕ್ಟರಿಗೂ ಫೋನ್ ಮಾಡಿದ್ದೆ. "ಟೋಪಿ ಹಾಕಿ ಕರ್ಕೊಂಡು ಹೋಗಿ" ಎಂದರು ಅವರು. ಹಳೇಬೀಡು ದಾಟಿ, ಅರಸೀಕೆರೆಯಲ್ಲಿ ಇಡ್ಲಿ ತಿಂದು ಉತ್ತರಕ್ಕೆ ಹೊರಟೆವು. ದಾರಿಯುದ್ದಕ್ಕೂ ಮಗುವಿನ ಹಣೆ ಮುಟ್ಟಿ ನೋಡುತ್ತಲೇ ಇದ್ದೆ. ಅತ್ತೆ ತಟ್ಟೆಯನ್ನು ಮುಟ್ಟಿ ನೋಡುತ್ತಿದ್ದರು.

ಮಾರನೆಯ ಬೆಳಗ್ಗೆ ಗುಡ್ಡ ಹತ್ತಿದೆವು. ಗುಹೆಯ ಬಾಯಿಗೆ ಎಳೆ ಬಿಸಿಲು ಬಿದ್ದಿತ್ತು, ಒಳಗೆ ಒಂದು ಕಂಬ, ಅದರಾಚೆ ಕತ್ತಲು. ಮಾವ ಕಂಬ ಸವರಿದರು.

"ಏನೇ ಇದು ಚೆಲುವಿ, ಉಪ್ಪಿಟ್ಟಿನ ರವೆ ಥರ ಉದುರ್ತದೆ! ಇದೂ ಒಂದು ಕಲ್ಲಾ?"

"ನಿಮ್ಮೂರಿನ ಕಲ್ಲಿನ ಜಂಬ ನಿಮ್ಮೂರಲ್ಲೇ ಇರ್ಲಿ. ಹಿಡೀರಿ."

ಅವರು ಬೇಲೂರಿನಲ್ಲಿ ನಿಲ್ಲುತ್ತಿದ್ದಂತೆಯೇ ಬಾಗಿಲಿಗೆ ಓರೆಯಾಗಿ ನಿಂತರು. ಬಿಸಿಲನ್ನು ನೇರ ಛಾವಣಿಗೆ ಬಿಡದೆ ಕಂಬಕ್ಕೆ ಬಿಟ್ಟರು. ನಮ್ಮೂರಿನ ನುಣುಪು ಕಂಬ ಕನ್ನಡಿಯ ಹಾಗೆ ಬೆಳಕನ್ನು ಮೇಲಕ್ಕೆ ದಾಟಿಸುತ್ತದೆ. ಇಲ್ಲಿನ ಕಂಬ ಅದನ್ನು ನುಂಗಿ ಸುಮ್ಮನಾಯಿತು. ಮತ್ತೆ ಹೊಂದಿಸಿದರು, ಮತ್ತೆ ನುಂಗಿತು. ಕೊನೆಗೆ ನೇರ ಮೇಲಕ್ಕೇ ಬಿಟ್ಟಾಗ ಕೈ ನಡುಗಿತು. ಛಾವಣಿಯ ಮೇಲೆ ಬೆಳಕಿನ ತುಂಡು ಹೊಂಡದ ನೀರಿನಂತೆ ಕುಣಿಯಿತು. ಏನೋ ಇದೆ ಎಂದು ಗೊತ್ತಾಗುತ್ತಿತ್ತು, ಏನೆಂದು ಗೊತ್ತಾಗುತ್ತಿರಲಿಲ್ಲ.

"ಅಪ್ಪಾ, ಮೊಬೈಲ್ ಟಾರ್ಚ್ ಹಾಕ್ಲಾ?" ಎಂದ ಮಾಧವ.

ಮಾವ ತಟ್ಟೆ ಇಳಿಸಿದರು. "ಸಾಕು. ಮಗುಗೂ ಬಿಸಿಲಾಗತ್ತೆ. ಹೊರಡೋಣ." ದಾರಿಯುದ್ದಕ್ಕೂ ಅದೇ ಮಾತಿಗೆ ಕಾಯುತ್ತಿದ್ದೆ ನಾನು. ಆದರೆ ಅವರು ಕೈಯನ್ನು ಪಂಚೆಯ ಮಡಿಕೆಯೊಳಗೆ ಮುಚ್ಚಿಟ್ಟುಕೊಂಡದ್ದನ್ನು ನೋಡಿ ನನ್ನ ಕಾಲು ಕದಲಲಿಲ್ಲ.

ಅತ್ತೆ ನನ್ನ ಹೆಗಲ ಚೀಲಕ್ಕೆ ಕೈ ಹಾಕಿ ಒಂದು ಬಿಳಿ ಬಟ್ಟೆ ಎಳೆದರು.

"ಅಯ್ಯೋ, ಅತ್ತೆ! ಅದು ಬಿಸಿನೀರಲ್ಲಿ ಕುದಿಸಿದ್ದು!"

"ಮತ್ತೆ ಕುದಿಸೋಣ ಕಣೇ, ನೀರಿಗೇನು ಬರ." ಬಾವಲಿ ಹಿಕ್ಕೆಯನ್ನು ಕಾಲಿಂದ ಸರಿಸಿ, ಕಂಬದಾಚೆ ನೆಲದ ಮೇಲೆ ಬಟ್ಟೆ ಹರಡಿದರು. "ಹಿತ್ತಲಲ್ಲಿ ತಟ್ಟೆ ಒಣಗೋಕೆ ಇಟ್ಟಾಗ ಅದರ ಬಿಸಿಲು ತಂತಿ ಮೇಲಿನ ಪಂಚೆಗೆ ಬಿದ್ರೆ, ಸೂರೆಲ್ಲ ಬೆಳಗ್ತಿತ್ತು ರೀ. ನೀವು ಆ ಹೊತ್ತಲ್ಲಿ ಸ್ನಾನಕ್ಕಿರ್ತಿದ್ರಿ."

ಗುಹೆಯ ಬಾಯಿಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಟ್ಟೆಯನ್ನು ಎದೆಗೆ ಒತ್ತಿ ಹಿಡಿದರು. ಬೆಳಕು ಒಮ್ಮೆ ಮಾವನ ಮುಖಕ್ಕೆ ಬಡಿಯಿತು.

"ನನ್ನ ಮುಖ ಏನು ಗೋಪುರಾನಾ? ಕೆಳಗೆ, ಕೆಳಗೆ! ಮೊಣಕೈ ಸೊಂಟಕ್ಕೆ ಒತ್ಕೋ. ಹಾಂ, ಹಾಗೇ. ಉಸಿರು ಬಿಗಿ ಹಿಡೀಬೇಡ."

ಬಿಸಿಲು ಬಟ್ಟೆಯ ಮೇಲೆ ಕೂತಿತು. ಅಲ್ಲಿಂದ ಮೆಲ್ಲಗೆ ಗುಹೆಯೆಲ್ಲ ಹಾಲು ಚೆಲ್ಲಿದಂತಾಯಿತು. ಮೇಲೆ, ಕೆಂಪು ಕಲ್ಲಿನಲ್ಲಿ, ಬಾತುಗಳ ಒಂದು ಸುತ್ತು. ಎಲ್ಲವೂ ಮುಂದೆ ನೋಡುತ್ತ ನಡೆಯುತ್ತಿವೆ, ಒಂದು ಮಾತ್ರ ಕತ್ತು ತಿರುಗಿಸಿ ಹಿಂದಕ್ಕೆ. ಅತ್ತೆಯ ಕೈ ಅಲುಗಲೇ ಇಲ್ಲ. ಅಷ್ಟು ವರ್ಷ ಆ ತಟ್ಟೆಯನ್ನು ಉಜ್ಜಿದ ಕೈ ಅದು.

ಮಾವ ಗಂಟಲು ಸರಿಮಾಡಿಕೊಂಡರು. ನಡುಗುವ ಕೈಯನ್ನು ಪಂಚೆಯಿಂದ ತೆಗೆದು, ಮರೆಮಾಚದೆ ಮೇಲಕ್ಕೆ ಚಾಚಿದರು. "ತಲೆ ಎತ್ತಿ ನೋಡಿ. ಎಡದಿಂದ ಬನ್ನಿ..." ಅದೇ ಗುಡಿಯ ದನಿ. ಶ್ರೀಜಾ ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದ್ದಳು. ಅವಳ ಟೋಪಿ ಎಲ್ಲೋ ಬಿದ್ದುಹೋಗಿತ್ತು, ನಾನು ಹುಡುಕಲಿಲ್ಲ.

ಆ ದನಿ ಕೇಳಿಯೇ ಇರಬೇಕು, ಗುಡ್ಡ ಹತ್ತಿ ಬಂದಿದ್ದ ಗಂಡ ಹೆಂಡತಿ ಇಬ್ಬರು ಒಳಗೆ ಬಂದರು. ನೋಡಿ ನೋಡಿ, ಆಕೆ ಕೇಳಿದರು: "ಬಾಗ್ಲಲ್ಲಿ ಬೆಳಕು ಹಿಡಿದಿರೋರು ಯಾರು ಸಾರ್, ಗೈಡಾ?"

ಜೀವಮಾನವಿಡೀ ಮಚ್ಚೆ ಹುಡುಕಿದ ನಮ್ಮ ಮಾವ ಬೆನ್ನು ನೇರ ಮಾಡಿಕೊಂಡರು. "ನಮ್ಮನೆಯವರು ಕಣಮ್ಮಾ. ಬೇಲೂರಿನವರು. ಸರಿಯಾಗಿ ನೋಡ್ಕೊಳ್ಳಿ, ಇಂಥ ಬೆಳಕು ಎಲ್ಲೂ ಸಿಗಲ್ಲ."

"ಬೇಗ ನೋಡಿ ಅಂತ ಹೇಳಿ," ಬಾಗಿಲಿಂದ ಅತ್ತೆಯ ಕೂಗು. "ತೋಳು ಬಿದ್ದುಹೋಗ್ತಿದೆ. ನಾನೂ ಬಂದು ನೋಡ್ಬೇಕು."

ಮಾಧವ ಓಡಿಹೋಗಿ ತಟ್ಟೆ ತೆಗೆದುಕೊಂಡ. ಅತ್ತೆ ಸಿಕ್ಕಿಸಿದ್ದ ಸೆರಗು ಬಿಡಿಸಿ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದರು. ಮಾವ ಅವರನ್ನು ಛಾವಣಿಯ ನಟ್ಟನಡುವೆ ಕರೆತಂದು ನಿಲ್ಲಿಸಿ, ಮೊದಲಿನಿಂದ ಶುರುಮಾಡಿದರು.